ಎರಡು ಅಧಿಕ ಎರಡು: ದಾಟದೆ ಉಳಿದವನ ಗತಿ ಏನು?

ಹನ್ನೆರಡನೆಯ ಇಯತ್ತೆಯ ರಿಸಲ್ಟು ಬರುವ ದಿನಗಳಲ್ಲಿ ಪುಣೆಯ ನಮ್ಮ ಕನ್ನಡ ಮನೆಗಳಲ್ಲಿ ಒಂದು ಲೆಕ್ಕ ಬಹಳ ಕೇಳಿಬರುತ್ತದೆ. "ಎರಡು ವರ್ಷ ಇಲ್ಲೇ ಎಂಜಿನಿಯರಿಂಗ್ ಓದೂದು, ಮುಂದಿನ ಎರಡು ವರ್ಷ ಅಮೆರಿಕಾದಾಗ. ಡಿಗ್ರಿ ಅಲ್ಲೀದು, ಖರ್ಚು ಅರ್ಧಾ!" ಇದಕ್ಕೆ ಎರಡು ಅಧಿಕ ಎರಡು ಎಂದು ಹೆಸರು, ಟ್ರಾನ್ಸ್‌ಫರ್ ಪ್ರೋಗ್ರಾಮ್ ಎಂದೂ ಕರೆಯುತ್ತಾರೆ. ಲೆಕ್ಕವೇನೂ ಹೊಸದಲ್ಲ. ನಮ್ಮ ಮಣಿಪಾಲದಲ್ಲಿ ಇಂಟರ್‌ನ್ಯಾಷನಲ್ ಸೆಂಟರ್ ಫಾರ್ ಅಪ್ಲೈಡ್ ಸೈನ್ಸಸ್ ಎಂಬ ಸಂಸ್ಥೆ ಇಂಥ ಓದಿಗಾಗಿ 1994ರಷ್ಟು ಹಿಂದೆಯೇ ಆರಂಭವಾಗಿತ್ತು.

ಊರು ಬಿಟ್ಟು ಹೋಗಿ ಎಂಜಿನಿಯರಿಂಗ್ ಕಲಿಯುವುದನ್ನು ನಾನು ಬೇಡವೆನ್ನುವುದಿಲ್ಲ. ಪುಣೆಯಲ್ಲಿ ಕೂತು ಹಾಗೆ ಅನ್ನಲೂ ಬಾರದು. 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಲು ಬಂದದ್ದು ಇದೇ ಪುಣೆಯ ಕಾಲೇಜ್ ಆಫ್ ಸಾಯನ್ಸಿಗೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆದದ್ದು 1917ರಲ್ಲಿ. ಆದರೆ ಅವರ ಬೆನ್ನಿಗೆ ಮೈಸೂರು ಸರಕಾರದ ವಿದ್ಯಾರ್ಥಿವೇತನ ಇತ್ತು. ಇಂದು ಹೋಗುವವರಲ್ಲಿ ಎಷ್ಟೋ ಜನರ ಬೆನ್ನಿಗೆ ಇರುವುದು ಅಪ್ಪನ ಪ್ರಾವಿಡೆಂಟ್ ಫಂಡು, ಇಲ್ಲವೆ ಊರಿನ ಹೊಲದ ಕಾಗದ. ಹೀಗಿರುವಾಗ ಒಂದು ಪ್ರಶ್ನೆ ಕೇಳಲೇಬೇಕು. ದಾಟಿ ಹೋದವರ ಫೋಟೋ ಪ್ರವೇಶದ ಪುಸ್ತಿಕೆಯಲ್ಲಿ ಅಚ್ಚಾಗಿರುತ್ತದೆ, ಸರಿ. ಎರಡು ವರ್ಷ ಓದಿಯೂ ದಾಟಲಾಗದೆ ಇಲ್ಲೇ ಉಳಿದವನ ಗತಿ ಏನು? ಇಂಥ ಯೋಜನೆಯ ಯೋಗ್ಯತೆಯನ್ನು ಅವನನ್ನು ನೋಡಿಯೇ ಅಳೆಯಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ಕ್ರೆಡಿಟ್ ಅಂದರೇನು ನೋಡೋಣ. ವಾರಕ್ಕೆ ಮೂರು ತಾಸಿನ ಪಾಠ ಒಂದು ಸೆಮಿಸ್ಟರ್ ನಡೆದರೆ ಸಾಮಾನ್ಯವಾಗಿ ಮೂರು ಕ್ರೆಡಿಟ್. ಅಮೆರಿಕದಲ್ಲಿ ಪದವಿಗೆ 120ರ ಆಸುಪಾಸು ಕ್ರೆಡಿಟ್ ಬೇಕು, ಎಂಜಿನಿಯರಿಂಗಿಗೆ ಇನ್ನೂ ಕೆಲವು ಹೆಚ್ಚು. ಇಲ್ಲಿ 60 ಗಳಿಸಿದರೆ ಅಲ್ಲಿ ಇನ್ನು 60 ಸಾಕು ಎಂದು ಏಜೆಂಟರು ಹೇಳುತ್ತಾರೆ. ಆದರೆ ಅಲ್ಲಿಯ ವಿಶ್ವವಿದ್ಯಾಲಯ ಒಂದೊಂದು ವಿಷಯವನ್ನೂ ಬೇರೆ ಬೇರೆ ತೂಗುತ್ತದೆ. ಕೆಲವನ್ನು ತನ್ನ ಪಾಠಕ್ಕೆ ಸರಿಸಮ ಎಂದು ಒಪ್ಪುತ್ತದೆ. ಕೆಲವನ್ನು ಬರೀ ಐಚ್ಛಿಕ ಎಂದು ಬರೆದುಕೊಳ್ಳುತ್ತದೆ. ಕ್ರೆಡಿಟ್ ಬಂದಂತೆಯೇ ಕಾಣುತ್ತದೆ, ಆದರೆ ಪದವಿಗೆ ಬೇಕಾದ ವಿಷಯಗಳ ಪಟ್ಟಿಯಲ್ಲಿ ಅದು ಕೂಡುವುದಿಲ್ಲ. ಹುಡುಗ ರಾತ್ರಿಯೆಲ್ಲ ಕೂತು ಗಳಿಸಿದ ಮಾರ್ಕುಗಳಂತೂ ಸಾಮಾನ್ಯವಾಗಿ ಅಲ್ಲಿಯ ಸರಾಸರಿಗೆ ಸೇರುವುದೇ ಇಲ್ಲ.

ಎಂಜಿನಿಯರಿಂಗಿನಲ್ಲಿ ವಿಷಯಗಳು ಸರಪಳಿಯ ಹಾಗೆ ಒಂದಕ್ಕೊಂದು ಕೂಡಿಕೊಂಡಿವೆ. ಸ್ಟ್ಯಾಟಿಕ್ಸ್ ಆಗದೆ ಡೈನಾಮಿಕ್ಸ್ ಇಲ್ಲ; ಸರ್ಕಿಟ್ಸ್ ಆಗದೆ ಎಲೆಕ್ಟ್ರಾನಿಕ್ಸಿನ ಮುಂದಿನ ಪಾಠಗಳಿಲ್ಲ. ಇಲ್ಲಿಯ ಸರ್ಕಿಟ್ಸನ್ನು ಅಲ್ಲಿ ಒಪ್ಪಲಿಲ್ಲ ಅನ್ನಿ, ಅದೊಂದನ್ನು ಮತ್ತೆ ಓದುವವರೆಗೆ ಉಳಿದದ್ದೆಲ್ಲ ತಡೆದು ನಿಲ್ಲುತ್ತದೆ. ಆ ಪಾಠ ವರ್ಷಕ್ಕೆ ಒಂದೇ ಸಲ ನಡೆಯುವಂಥದ್ದಾದರೆ ಎರಡು ವರ್ಷದ್ದು ಎರಡೂವರೆ, ಮೂರು ಆಗುತ್ತದೆ. ಹೆಚ್ಚಾದ ಆ ವರ್ಷದ ಖರ್ಚು ಡಾಲರಿನಲ್ಲಿ. ಇನ್ನು ಟೆಕ್ಸಾಸಿನ ಸರಕಾರಿ ವಿಶ್ವವಿದ್ಯಾಲಯವಾದರೆ, ಎಂಜಿನಿಯರ್ ಆಗುವವನೂ ಅಮೆರಿಕದ ಇತಿಹಾಸ 6 ಕ್ರೆಡಿಟ್, ಸರಕಾರದ ರಚನೆ 6 ಕ್ರೆಡಿಟ್ ಓದಲೇಬೇಕೆಂದು ಆ ರಾಜ್ಯದ ಕಾಯಿದೆಯೇ ಇದೆ. ಇದನ್ನೆಲ್ಲ ಇಲ್ಲಿಯ ಎರಡು ವರ್ಷಗಳಲ್ಲಿ ಯಾರು ಕಲಿಸುತ್ತಾರೆ?

ಡಾಲರಿನ ಮಾತು ಬಂತು. 2021ರಲ್ಲಿ ಒಂದು ಡಾಲರಿಗೆ ಸುಮಾರು 74 ರೂಪಾಯಿ ಇತ್ತು. 2025ರ ಆರಂಭಕ್ಕೆ ಅದು 86ರ ಹತ್ತಿರ ಹೋಗಿತ್ತು. ವರ್ಷಕ್ಕೆ 20,000 ಡಾಲರ್ ಬೇಕೆಂದು ಹಿಡಿದರೆ 14 ಲಕ್ಷ 80 ಸಾವಿರ ಇದ್ದದ್ದು 17 ಲಕ್ಷ 20 ಸಾವಿರ ಆಯಿತು. ಶುಲ್ಕ ಒಂದು ಡಾಲರೂ ಏರದೆ ಅಪ್ಪನ ಮೇಲೆ 2 ಲಕ್ಷ 40 ಸಾವಿರ ಹೆಚ್ಚು ಬಿತ್ತು. ಅಲ್ಲಿಯ ಕೇಂದ್ರ ಸರಕಾರದ ವಿದ್ಯಾರ್ಥಿ ನೆರವು ನಮ್ಮ ಹುಡುಗರಿಗೆ ಸಿಗುವುದಿಲ್ಲ. ಪಾಠ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ತಾಸು ದುಡಿಯಬಹುದು, ಅಷ್ಟೆ.

ನನ್ನ ಮುಖ್ಯ ತಕರಾರು ವೀಸಾದ ಬಗ್ಗೆ. ನಾಲ್ಕೂ ವರ್ಷ ಅಲ್ಲೇ ಓದಲು ಹೊರಟವನಿಗೆ ವೀಸಾ ಇಲ್ಲವೆಂದರೆ ಅದು ಆರಂಭಕ್ಕೇ ತಿಳಿಯುತ್ತದೆ. ಅವನು ಇಲ್ಲಿಯೇ ಬೇರೆ ಕಾಲೇಜು ನೋಡಿಕೊಳ್ಳುತ್ತಾನೆ. ಎರಡು ಅಧಿಕ ಎರಡರ ಹುಡುಗ ಕಾನ್ಸುಲೇಟಿನ ಕಿಟಕಿಯ ಎದುರು ನಿಲ್ಲುವುದು ಎರಡು ವರ್ಷದ ಶುಲ್ಕ ಕಟ್ಟಿದ ಮೇಲೆ. ಆಗ ಬಾಗಿಲು ಮುಚ್ಚಿದರೆ? ಮುಚ್ಚಿದ್ದನ್ನು ನಾವು ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಕೋವಿಡ್ಡಿನಿಂದ ವೀಸಾ ಕೆಲಸವೇ ನಿಂತಿತು. 2025ರ ಮೇ ಕೊನೆಯಲ್ಲಿ, ಸರಿಯಾಗಿ ಹುಡುಗರು ಹೊರಡುವ ಹಂಗಾಮಿನಲ್ಲಿ, ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳಿಗೆ ದಿನ ಕೊಡುವುದನ್ನು ಅಮೆರಿಕ ಮೂರು ವಾರ ನಿಲ್ಲಿಸಿತು. ಇದರಲ್ಲಿ ಹುಡುಗನ ತಪ್ಪೇನಿತ್ತು?

ಹೀಗೆ ಉಳಿದವನು ಇಲ್ಲಿ ಎಲ್ಲಿಗೆ ಹೋಗಬೇಕು? ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ದಾರಿ ಇರುವುದು ಡಿಪ್ಲೊಮಾ ಮುಗಿಸಿದವರು, ಬಿ.ಎಸ್ಸಿ. ಪದವೀಧರರು ಮೊದಲಾದವರಿಗೆ. ಅಮೆರಿಕದ ಪಠ್ಯಕ್ರಮದಲ್ಲಿ ಎರಡು ವರ್ಷ ಓದಿ ಕೈಯಲ್ಲಿ ಡಿಪ್ಲೊಮಾನೂ ಇಲ್ಲದ, ಪದವಿಯೂ ಇಲ್ಲದ ಹುಡುಗ ಯಾವ ಸಾಲಿನಲ್ಲಿ ನಿಲ್ಲಬೇಕು? ಅವನ ಜೊತೆಯವರು ಮೂರನೆಯ ವರ್ಷಕ್ಕೆ ಹೋಗುವಾಗ ಅವನು ಮೊದಲನೆಯ ವರ್ಷಕ್ಕೆ ಮತ್ತೆ ಅರ್ಜಿ ಹಾಕಬೇಕಾದೀತು. ಮನೆಗೆ ಬಂದ ನೆಂಟರು "ಏನಪಾ, ಅಮೆರಿಕಾಕ್ಕ ಯಾವಾಗ?" ಎಂದು ಕೇಳಿದರೆ ಅವನು ಏನು ಹೇಳಬೇಕು?

ಈ ಪೆಟ್ಟನ್ನು ಒಂದು ದೇಶ ತಿಂದು ಕಲಿತಿದೆ. ಮಲೇಶಿಯಾದಲ್ಲಿ 1980ರ ದಶಕದಿಂದಲೇ ಇಂಥ ಜೋಡಿ ಪದವಿಗಳು ನಡೆಯುತ್ತಿದ್ದವು. 1997ರಲ್ಲಿ ಏಶಿಯಾದ ಹಣಕಾಸಿನ ಬಿಕ್ಕಟ್ಟು ಬಂತು. ಡಾಲರಿಗೆ ಎರಡೂವರೆ ಇದ್ದ ಅಲ್ಲಿಯ ರಿಂಗಿಟ್ಟನ್ನು 1998ರಲ್ಲಿ 3.80ಕ್ಕೆ ಕಟ್ಟಿ ನಿಲ್ಲಿಸಬೇಕಾಯಿತು. ಅರ್ಧ ಓದಿದ ಮಕ್ಕಳನ್ನು ಹೊರಗೆ ಕಳಿಸಲು ತಂದೆತಾಯಿಗಳ ಕೈಯಲ್ಲಿ ಆಗಲಿಲ್ಲ. ಆಗ ಅಲ್ಲಿಯ ಸರಕಾರ, ಪರದೇಶದ ಪದವಿಯ ಮೂರೂ ವರ್ಷವನ್ನು ಮಲೇಶಿಯಾದಲ್ಲಿಯೇ ಓದಿ ಮುಗಿಸಲು ಒಪ್ಪಿಗೆ ಕೊಟ್ಟಿತು. ಅದಕ್ಕೆ ಮೂರು ಅಧಿಕ ಸೊನ್ನೆ ಎಂದೇ ಹೆಸರಾಯಿತು.

ನಮ್ಮಲ್ಲಿ ನಿಯಮವಿಲ್ಲ ಅನ್ನುವಂತಿಲ್ಲ. ಯು.ಜಿ.ಸಿ. 2022ರಲ್ಲಿ ಪರದೇಶದ ವಿಶ್ವವಿದ್ಯಾಲಯಗಳೊಡನೆ ನಡೆಸುವ ಜೋಡಿ ಓದಿಗೆ ನಿಯಮ ಮಾಡಿದೆ. ಅದರ ಪ್ರಕಾರ ಟ್ವಿನ್ನಿಂಗಿನಲ್ಲಿ ಹೊರಗೆ ಗಳಿಸುವ ಕ್ರೆಡಿಟ್ಟು ನೂರಕ್ಕೆ 30 ಮೀರಬಾರದು, ಪದವಿ ಕೊಡುವುದು ಇಲ್ಲಿಯ ಸಂಸ್ಥೆ. ಪೂರ್ತಿ ಮಾಡಲಾಗದವನಿಗೆ ಹೊರಬೀಳುವ ದಾರಿ ಇರಬೇಕು, ಅವನ ಕ್ರೆಡಿಟ್ಟು ಮುಂದೆ ಎಲ್ಲಿ ನಡೆಯುತ್ತದೆಂದು ಸ್ಪಷ್ಟವಾಗಿ ಹೇಳಬೇಕು ಎಂದೂ ಅದರಲ್ಲಿದೆ. ಆದರೆ ಅರ್ಧ ಓದು ಇಲ್ಲಿ, ಅರ್ಧ ಅಲ್ಲಿ, ಪದವಿ ಪೂರಾ ಅಲ್ಲಿಯದು ಎನ್ನುವ ಯೋಜನೆ ಈ ಟ್ವಿನ್ನಿಂಗಿನ ಅಳತೆಗೆ ಹೊಂದುವುದಿಲ್ಲ. ಹಾಗಾದರೆ ಅದು ಯಾವ ನಿಯಮದ ಕೆಳಗೆ ನಡೆಯುತ್ತಿದೆ ಎಂದು ಕೇಳುವ ಹಕ್ಕು ಶುಲ್ಕ ಕಟ್ಟುವವನಿಗಿದೆ.

"ಹೋಗೂ ಮುಂಚೇನೇ ಅಪಶಕುನ ಯಾಕ ನುಡೀತೀರಿ?" ಎಂದು ಕೆಲವರು ಅನ್ನಬಹುದು. ಹದಿನೇಳರ ಹುಡುಗಿ ಮನೆಯ ಹತ್ತಿರ ಎರಡು ವರ್ಷ ಓದಿ, ಗಟ್ಟಿಯಾಗಿ, ಆಮೇಲೆ ಸಮುದ್ರ ದಾಟುವುದು ಒಳ್ಳೆಯದೇ. ವಿಷಯಗಳು ಸರಿಯಾಗಿ ಕೂಡಿದರೆ ಖರ್ಚೂ ಉಳಿಯುತ್ತದೆ. ಹಾಗೆ ಹೋಗಿ ಚೆನ್ನಾಗಿ ಓದಿದವರಿದ್ದಾರೆ, ಸಂತೋಷ. ಆದರೆ ನಾವೆಯಲ್ಲಿ ಕೂಡುವವನು ಈಜು ಬರುತ್ತದೆಯೋ ಇಲ್ಲವೋ ಎಂದು ಯೋಚಿಸಿದರೆ ಅದಕ್ಕೆ ಅಪಶಕುನ ಎನ್ನುತ್ತಾರೆಯೇ?

ಆದ್ದರಿಂದ ಪ್ರವೇಶದ ಹಣ ಕಟ್ಟುವ ಮೊದಲು ಮೂರು ಕಾಗದ ಕೇಳಬೇಕು. ಒಂದು, ಯಾವ ವಿಷಯ ಅಲ್ಲಿಯ ಯಾವ ವಿಷಯಕ್ಕೆ ಸಮ ಎಂಬ ಪಟ್ಟಿ. ಇದು ಏಜೆಂಟರದಲ್ಲ, ಅಲ್ಲಿಯ ವಿಶ್ವವಿದ್ಯಾಲಯದ್ದೇ ಆಗಿರಬೇಕು. ಎರಡು, ಹಿಂದಿನ ತಂಡಗಳಲ್ಲಿ ಎಷ್ಟು ಜನ ಸೇರಿದರು, ಎಷ್ಟು ಜನ ದಾಟಿದರು, ಉಳಿದವರು ಏನಾದರು ಎಂಬ ಲೆಕ್ಕ. ಮೂರು, ಹೋಗಲಾಗದಿದ್ದರೆ ಇಲ್ಲಿಯೇ ಯಾವ ಪದವಿ, ಎಷ್ಟು ವರ್ಷದಲ್ಲಿ, ಎಷ್ಟು ಶುಲ್ಕಕ್ಕೆ ಮುಗಿಯುತ್ತದೆ ಎಂಬ ಬರಹದ ಮಾತು. ಈ ಮೂರನೆಯ ಕಾಗದ ಕೊಡಲೊಲ್ಲದ ಕಾಲೇಜಿಗೆ ಎರಡು ಅಧಿಕ ಎರಡು ಎಂದು ಜಾಹೀರಾತು ಮಾಡುವ ಅಧಿಕಾರವೇ ಇರಬಾರದು.

ನಮ್ಮ ಸಂಘದಿಂದಲೂ ಒಂದು ಕೆಲಸ ಆಗಬಹುದು. ಹೋದವರು, ಉಳಿದವರು ಇಬ್ಬರನ್ನೂ ಕೇಳಿ, ಯಾರ ಯಾವ ವಿಷಯ ಎಲ್ಲಿ ಒಪ್ಪಿತವಾಯಿತು, ಎಲ್ಲಿ ಬಿದ್ದುಹೋಯಿತು ಎಂದು ಒಂದು ವಹಿಯಲ್ಲಿ ಬರೆದಿಡೋಣ. ಹೆಸರು ಬೇಡ, ವಿಷಯ ಮತ್ತು ವರ್ಷ ಸಾಕು. ಮುಂದಿನ ಜೂನಿನಲ್ಲಿ ಯಾರಾದರೂ ತಂದೆ ಮಗನನ್ನು ಕರೆದುಕೊಂಡು ಕೇಳಲು ಬಂದರೆ ತೋರಿಸಲು ನಮ್ಮಲ್ಲಿ ಅಷ್ಟಾದರೂ ಇರಲಿ.