ತರಂಗ ಸಮೀಕರಣವೂ ತಾಯ್ನುಡಿಯೂ

ಉನ್ನತ ವಿಜ್ಞಾನಕ್ಕೆ ಕನ್ನಡ ಸಾಲದೆಂದು ಗಡಿನಾಡಿನ ನಮ್ಮ ಪಾಲಕರೇ ಹೇಳತೊಡಗಿರುವುದು ಖೇದಕರ. ಆಸ್ಟ್ರಿಯದ ಎರ್ವಿನ್ ಶ್ರೋಡಿಂಗರ್ 1926ರಲ್ಲಿ ತಮ್ಮ ತರಂಗ ಸಮೀಕರಣವನ್ನು ಪ್ರಕಟಿಸಿದ್ದು ಮಾತೃಭಾಷೆಯಾದ ಜರ್ಮನಿನಲ್ಲಿ. ಬಿಗಿದ ವೀಣೆಯ ತಂತಿ ನಿಯತ ಸ್ವರಗಳನ್ನಷ್ಟೇ ನುಡಿಯುವಂತೆ, ಪರಮಾಣುವಿನೊಳಗಣ ಎಲೆಕ್ಟ್ರಾನು ನಿಯತ ಶಕ್ತಿಮಟ್ಟಗಳಲ್ಲಷ್ಟೇ ಇರಬಲ್ಲದೆಂಬುದು ಅದರಿಂದ ಸಿದ್ಧವಾಯಿತು. ಜಲಜನಕದ ವರ್ಣಪಟಲ, 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ವಿವರಿಸಿದ ರಾಸಾಯನಿಕ ಬಂಧ, ಮುಂದೆ ಟ್ರಾನ್ಸಿಸ್ಟರು, ಲೇಸರು, ಇವೆಲ್ಲವನ್ನು ಅರಿಯಲು ಆ ಸಮೀಕರಣವೇ ಆಧಾರ.

ಇಷ್ಟನ್ನು ಹೇಳಲು ಕನ್ನಡ ನನ್ನ ಕೈಬಿಡಲಿಲ್ಲ. ಎರಡು ಮೂರು ಪದಗಳನ್ನು ಎರವಲು ಪಡೆದೆ. ಅದರಿಂದ ಭಾಷೆ ಬಡವಾಗದು. ಮಕ್ಕಳು ರಾಜ್ಯಭಾಷೆಯನ್ನೂ ಇಂಗ್ಲಿಷನ್ನೂ ಅವಶ್ಯ ಕಲಿಯಲಿ. ಪ್ರಶ್ನಿಸುವುದನ್ನು ಮಾತ್ರ ಮೊದಲು ತಾಯ್ನುಡಿಯಲ್ಲಿ ಕಲಿಯಲಿ. ಈ ಶಾಲೆಯಲ್ಲಿ ಕಲಿತವರು ತಮ್ಮ ಮಕ್ಕಳನ್ನೂ ಇಲ್ಲಿಗೇ ಕಳುಹಿಸುವುದು ಸುವರ್ಣೋತ್ಸವಕ್ಕೆ ಸಲ್ಲುವ ನಿಜವಾದ ಕಾಣಿಕೆ.