ಕಡಲಾಚೆ ಹೊರಟಿರಾ? ಕಾರ್ಡು ನಿಮ್ಮ ಹೆಸರಿನಲ್ಲಿರಲಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೋ ದುಬೈಗೋ ಹೊರಡುವ ತಾಯಂದಿರು ಈಗ ನಮ್ಮ ಭಾಗ್ಯನಗರದಲ್ಲೂ ಅಪರೂಪವೇನಲ್ಲ. ಕೈಮಗ್ಗದ ಸೀರೆ ಮತ್ತು ಕೂದಲು ವ್ಯಾಪಾರದಿಂದ ಹೆಸರಾದ ಊರು ಇದು. ಇಲ್ಲಿಯ ಸರಕು ಹೊರದೇಶ ಕಂಡು ಎಷ್ಟೋ ಕಾಲವಾಯ್ತು, ಈಗ ಮನೆಯ ಹೆಣ್ಣುಮಕ್ಕಳ ಸರದಿ. ಹೊರಡುವ ತಿಂಗಳ ಮೊದಲೇ ತಯಾರಿ ಶುರು. ಅಂಟಿನುಂಡಿ, ಗುರೆಳ್ಳು ಪುಡಿ, ಶೇಂಗಾ ಹಿಂಡಿ, ಕಡಕ್ ರೊಟ್ಟಿ, ಮಸಾಲೆ ಖಾರ... 23 ಕಿಲೋ ದಾಟಬಾರದು ಅಂತ ಚೀಲವನ್ನು ಮೂರು ಸಲ ತೂಗಿ, ಒಂದು ಸೀರೆ ತೆಗೆದು ಇನ್ನೊಂದು ಡಬ್ಬಿ ತುರುಕುತ್ತೇವೆ.

ಇಷ್ಟೆಲ್ಲ ಮುತುವರ್ಜಿ ವಹಿಸುವ ನಾವು ಒಂದು ಪ್ರಶ್ನೆ ಮಾತ್ರ ಕೇಳಿಕೊಳ್ಳುವುದಿಲ್ಲ: ಅಲ್ಲಿ ನನ್ನ ಕೈಯಲ್ಲಿ ನನ್ನ ದುಡ್ಡು ಅಂತ ಇರುತ್ತದೆಯೇ?

ಕೇಳಿದರೂ ಮನೆಯಲ್ಲಿ ಉತ್ತರ ಸಿದ್ಧ. "ನಿನಗ್ಯಾಕ ಬೇಕು ರೊಕ್ಕ? ಮಗಳು ಅದಾಳ, ಅಳಿಯ ಅದಾನ, ಎಲ್ಲಾ ಅವರ ನೋಡ್ಕೋತಾರ." ನೋಡಿಕೊಳ್ಳುತ್ತಾರೆ, ಅನುಮಾನವಿಲ್ಲ. ಆದರೆ ಮೊಮ್ಮಗುವಿಗೆ ಒಂದು ಅಂಗಿ ಕೊಳ್ಳಲು, ನಿಮ್ಮ ಮಂಡಿನೋವಿಗೆ ಒಂದು ಮುಲಾಮು ತರಲು ಆರು ತಿಂಗಳು ಅಳಿಯಂದಿರ ಮುಖ ನೋಡುವುದು ನಿಮಗೆ ಹಿತವೇ? ಇಲ್ಲಿ ಸಂತೆಗೆ ಹೋದರೆ ಹತ್ತು ರೂಪಾಯಿಯ ಕೊತ್ತಂಬರಿಯನ್ನೂ ಚೌಕಾಸಿ ಮಾಡಿ ತರುವ ಹೆಣ್ಣುಮಗಳು, ಅಲ್ಲಿ ಪರ್ಸೇ ಇಲ್ಲದ ಅತಿಥಿಯಾಗಿಬಿಡುತ್ತಾಳೆ. ನನ್ನ ಪ್ರಕಾರ ಹೊರದೇಶಕ್ಕೆ ಹೊರಟ ಪ್ರತಿ ಗೃಹಿಣಿಯ ಕೈಯಲ್ಲೂ ಅವಳದೇ ಹೆಸರಿನ, ಅವಳೇ ನಡೆಸಬಲ್ಲ ಒಂದು ಡೆಬಿಟ್ ಕಾರ್ಡು ಇರಲೇಬೇಕು. ಅದು ಅಳಿಯನ ಮೇಲಿನ ಅಪನಂಬಿಕೆ ಅಲ್ಲವೇ ಅಲ್ಲ.

2020ರ ಮಾರ್ಚ್ ನೆನಪಿದೆಯಲ್ಲ? ಅಂತರರಾಷ್ಟ್ರೀಯ ವಿಮಾನಗಳು ಇದ್ದಕ್ಕಿದ್ದಂತೆ ನಿಂತವು. ಮಕ್ಕಳನ್ನು ನೋಡಲು ಹೋಗಿದ್ದ ಎಷ್ಟೋ ತಂದೆತಾಯಂದಿರು ಅಲ್ಲೇ ಉಳಿದರು. ಕರೆತರಲು ಸರ್ಕಾರದ ವಂದೇ ಭಾರತ್ ವಿಮಾನಗಳು ಶುರುವಾದದ್ದು ಮೇ 7ಕ್ಕೆ, ಆ ಟಿಕೆಟಿನ ದುಡ್ಡೂ ಪ್ರಯಾಣಿಕರದೇ. ಅಷ್ಟು ದೊಡ್ಡ ಸಂಕಟವೇ ಬರಬೇಕೆಂದಿಲ್ಲ. ನಡುದಾರಿಯ ವಿಮಾನ ನಿಲ್ದಾಣದಲ್ಲಿ ಮುಂದಿನ ವಿಮಾನ ತಪ್ಪಿ, ಒಂದು ರಾತ್ರಿ ಒಬ್ಬರೇ ಕಳೆಯಬೇಕಾಗಿ ಬಂದರೂ ಸಾಕು. ಅಲ್ಲಿ ಮಗಳೂ ಇಲ್ಲ, ಅಳಿಯನೂ ಇಲ್ಲ.

"ಯಜಮಾನರ ಕಾರ್ಡು ಕೊಟ್ಟು ಕಳಿಸ್ತಾರ್ರೀ" ಅನ್ನುವವರಿದ್ದಾರೆ. ಬೇಡಿ! ಬೆಂಗಳೂರಿನ ಒಂದು ಪ್ರಕರಣ ಕೇಳಿ. 2013ರ ನವೆಂಬರ್‌ನಲ್ಲಿ, ಹೆರಿಗೆ ರಜೆಯಲ್ಲಿ ಮನೆಯಲ್ಲಿದ್ದ ಮಹಿಳೆಯೊಬ್ಬರು ತಮ್ಮ ಕಾರ್ಡನ್ನೂ ಪಿನ್ನನ್ನೂ ಗಂಡನಿಗೆ ಕೊಟ್ಟು 25,000 ರೂಪಾಯಿ ತರಲು ಎಟಿಎಂಗೆ ಕಳಿಸಿದರು. ಚೀಟಿ ಬಂತು, ನೋಟು ಬರಲಿಲ್ಲ, ಖಾತೆಯಿಂದ ಹಣ ಮಾತ್ರ ಹೋಯಿತು. ವ್ಯಾಜ್ಯ ಗ್ರಾಹಕರ ವೇದಿಕೆಯ ಮೆಟ್ಟಿಲೇರಿತು. ಕ್ಯಾಮೆರಾ ದೃಶ್ಯದಲ್ಲಿ ಗಂಡ ನಿಂತಿದ್ದಾರೆ, ದುಡ್ಡು ಬಂದಿಲ್ಲ, ಎಲ್ಲವೂ ಕಾಣುತ್ತದೆ. ಆದರೆ ಬ್ಯಾಂಕು, ಕಾರ್ಡಿನ ಒಡತಿ ಅಲ್ಲಿ ಇಲ್ಲವಲ್ಲ ಎಂದಿತು. 2018ರಲ್ಲಿ ತೀರ್ಪು ಆಕೆಯ ವಿರುದ್ಧವೇ ಬಂತು. ಪಿನ್ ಇನ್ನೊಬ್ಬರಿಗೆ ಹೇಳಿದ್ದೇ ತಪ್ಪು, ಬರಲಾಗದಿದ್ದರೆ ಚೆಕ್ಕನ್ನೋ ಅಧಿಕಾರ ಪತ್ರವನ್ನೋ ಕೊಟ್ಟು ಕಳಿಸಬೇಕಿತ್ತು ಅಂತ. ಹಸಿ ಬಾಣಂತಿ ಎಟಿಎಂ ಮುಂದೆ ನಿಲ್ಲಬೇಕಿತ್ತೇ ಅಂತ ನನಗೂ ಸಿಟ್ಟು ಬಂದಿತ್ತು. ಆದರೂ ಗಂಡ-ಹೆಂಡತಿಗೇ ಹೀಗಾದರೆ, ಸಾವಿರಾರು ಮೈಲು ದೂರದಲ್ಲಿ ಇನ್ನೊಬ್ಬರ ಹೆಸರಿನ ಕಾರ್ಡು ಹಿಡಿದು ನಿಂತ ನಿಮ್ಮ ಮಾತಿಗೆ ಬೆಲೆ ಎಷ್ಟು? ಗಂಡನ ಖಾತೆ ಜಂಟಿಯಾಗಿದ್ದು, ಇಬ್ಬರಲ್ಲಿ ಯಾರಾದರೂ ನಡೆಸಬಹುದು ಅಂತಿದ್ದರೆ ನಿಮ್ಮ ಹೆಸರಿನಲ್ಲೇ ಇನ್ನೊಂದು ಕಾರ್ಡು ಕೇಳಿ ಪಡೆಯಬಹುದು.

ಸರಿ, ನಿಮ್ಮ ಹೆಸರಿನ ಕಾರ್ಡು ಇದೆ ಅಂದುಕೊಳ್ಳಿ. ಅದು ಅಲ್ಲಿ ನಡೆಯುತ್ತದೆಯೇ? ಇಲ್ಲೇ ಬಹಳ ಜನ ಎಡವುವುದು. ರಿಸರ್ವ್ ಬ್ಯಾಂಕ್ ಆದೇಶದಂತೆ 2020ರ ಅಕ್ಟೋಬರ್ 1ರಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗಿನ ಎಟಿಎಂ, ಅಂಗಡಿ ಯಂತ್ರಗಳಿಗಷ್ಟೇ ತೆರೆದಿರುತ್ತವೆ. ಹೊರದೇಶದ ಬಳಕೆಯನ್ನು ನಾವೇ ಕೇಳಿ ಚಾಲೂ ಮಾಡಿಸಬೇಕು. ಬ್ಯಾಂಕಿನ ಮೊಬೈಲ್ ಆ್ಯಪ್‌ನಲ್ಲಿ ಒಂದು ಗುಂಡಿ ಸರಿಸಿದರೆ ಆಯಿತು. ಬಾರದಿದ್ದರೆ ಶಾಖೆಗೆ ಹೋಗಿ. ಕೌಂಟರಿನ ಹುಡುಗ ಹಿಂದಿಯಲ್ಲೇ ಮಾತಾಡಿದರೂ ಜಗ್ಗದೆ "ಇಂಟರ್‌ನ್ಯಾಷನಲ್ ಯೂಸೇಜ್" ಅನ್ನಿ, ಅರ್ಥವಾಗುತ್ತದೆ. ದಿನಕ್ಕೆ ಇಷ್ಟೇ ಅಂತ ಮಿತಿಯನ್ನೂ ಅಲ್ಲೇ ಹಾಕಬಹುದು.

ಕಾರ್ಡಿನ ಮೇಲಿನ ಗುರುತನ್ನೂ ನೋಡಿ. ವೀಸಾ, ಮಾಸ್ಟರ್‌ಕಾರ್ಡ್ ಹೆಚ್ಚಿನ ದೇಶಗಳಲ್ಲಿ ನಡೆಯುತ್ತವೆ. ರುಪೇ ಕಾರ್ಡಿನಲ್ಲಿ ದೇಶದೊಳಗೆ ಮಾತ್ರ ನಡೆಯುವವೂ ಇವೆ, ಹೊರಗೆ ನಡೆಯುವ ಗ್ಲೋಬಲ್ ಕಾರ್ಡೂ ಇವೆ. ಜನಧನ ಖಾತೆಯ ಕಾರ್ಡು ಇದೆ ಅಂತ ನೆಮ್ಮದಿಯಿಂದ ವಿಮಾನ ಹತ್ತಬೇಡಿ, ಕೇಳಿಕೊಂಡೇ ಹೋಗಿ. ಇನ್ನು ಫೋನ್‌ಪೇ? ದುಬೈ, ಸಿಂಗಪುರದ ಕೆಲವು ಅಂಗಡಿಗಳಲ್ಲಿ ಯುಪಿಐ ನಡೆದೀತು, ಅಮೆರಿಕದಲ್ಲಿ ಅದನ್ನೇ ನಂಬಿ ಕೂರಬೇಡಿ. ಕಾರ್ಡಿನ ಅವಧಿ ಮುಗಿಯುವ ತಿಂಗಳನ್ನೂ ಓದಿ. ನೀವು ಅಲ್ಲಿರುವಾಗ ಅವಧಿ ಮುಗಿದರೆ ಹೊಸ ಕಾರ್ಡು ಭಾಗ್ಯನಗರದ ಮನೆ ಬಾಗಿಲಿಗೇ ಬಂದು ಕೂತಿರುತ್ತದೆ!

ಎಲ್ಲಕ್ಕಿಂತ ಮುಖ್ಯವಾದದ್ದು ಮೊಬೈಲ್ ನಂಬರು. ನಮ್ಮ ಎಷ್ಟೋ ಮನೆಗಳಲ್ಲಿ ಹೆಂಡತಿಯ ಖಾತೆಗೆ ಗಂಡನ ನಂಬರು. ಒಟಿಪಿ ಅವರಿಗೆ ಹೋಗುತ್ತದೆ, ದುಡ್ಡು ಕಡಿತವಾದ ಸಂದೇಶವೂ ಅವರಿಗೇ. ನೀವು ಡಲ್ಲಾಸ್‌ನಲ್ಲಿ ಬೇಸಿಗೆಯ ಮಧ್ಯಾಹ್ನ 12ಕ್ಕೆ ಅಂಗಡಿಯಲ್ಲಿದ್ದರೆ ಇಲ್ಲಿ ರಾತ್ರಿ 10.30. ಯಜಮಾನರು ಗೊರಕೆ ಹೊಡೆಯುತ್ತಿರುತ್ತಾರೆ! ಯಾರೋ ಕಾರ್ಡಿನ ನಕಲು ಮಾಡಿ ದುಡ್ಡೆತ್ತಿದರೆ ಬೆಳಿಗ್ಗೆ ಏಳುವ ತನಕ ಯಾರಿಗೂ ತಿಳಿಯದು. ಹೊರಡುವ ಮುಂಚೆ ಖಾತೆಗೆ ನಿಮ್ಮ ನಂಬರೇ ಜೋಡಿಸಿ, ಆ ಸಿಮ್ಮಿಗೆ ರೋಮಿಂಗ್ ಹಾಕಿಸಿ. ಹೊರದೇಶದ ಕೆಲವು ಅಂಗಡಿಗಳು ಪಿನ್ ಕೇಳುವುದಿಲ್ಲ, ಅಲ್ಲಿನ ಎಷ್ಟೋ ಜಾಲತಾಣಗಳು ಒಟಿಪಿ ಕೇಳದೆಯೇ ದುಡ್ಡು ಎಳೆಯುತ್ತವೆ. ಹಾಗಾಗಿ ಕಡಿತದ ಸಂದೇಶವೇ ನಿಮ್ಮ ಕಾವಲುನಾಯಿ. ನಿಮ್ಮದಲ್ಲದ ಕಡಿತ ಕಂಡ ತಕ್ಷಣ ಬ್ಯಾಂಕಿಗೆ ತಿಳಿಸಿ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದಾಗ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕರ ಮೇಲೆ ನಷ್ಟದ ಹೊರೆ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಹೇಳಿದೆ. ಪಿನ್ ಬೇರೆಯವರಿಗೆ ಹೇಳಿದ್ದರೆ ಈ ರಕ್ಷಣೆ ನಿಮಗಿಲ್ಲ. ಬ್ಯಾಂಕಿನ 1800ರಿಂದ ಶುರುವಾಗುವ ನಂಬರು ಹೊರದೇಶದಿಂದ ಸಿಗದೇ ಹೋಗಬಹುದು. +91 ಇರುವ ನಂಬರನ್ನು ಕೇಳಿ ಡೈರಿಯಲ್ಲಿ ಬರೆದಿಡಿ.

ಖರ್ಚಿನ ಲೆಕ್ಕವೂ ಗೊತ್ತಿರಲಿ. ಡಾಲರನ್ನು ರೂಪಾಯಿಗೆ ಬದಲಿಸುವಾಗ ಬ್ಯಾಂಕುಗಳು ಮೇಲೊಂದಿಷ್ಟು ಸೇರಿಸುತ್ತವೆ. ನಿಮ್ಮ ಬ್ಯಾಂಕು ಶೇ 3.5 ಹಾಕುವುದಾದರೆ 10,000 ರೂಪಾಯಿ ಖರೀದಿಗೆ 350 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 63 ರೂಪಾಯಿ, ಒಟ್ಟು 413. ಎಟಿಎಂನಲ್ಲಿ ನೋಟು ತೆಗೆದರೆ ಪ್ರತಿ ಸಲಕ್ಕೂ ಬೇರೆ ಶುಲ್ಕ, ಆ ದೇಶದ ಯಂತ್ರವೂ ತನ್ನ ಪಾಲು ಕೇಳೀತು. ಅದಕ್ಕೇ ಇಪ್ಪತ್ತು ಡಾಲರಿನಂತೆ ಐದು ಸಲ ತೆಗೆಯುವ ಬದಲು ನೂರು ಡಾಲರು ಒಮ್ಮೆಲೇ ತೆಗೆಯಿರಿ. ಬ್ಯಾಲೆನ್ಸ್ ನೋಡಲೂ ಅಲ್ಲಿನ ಎಟಿಎಂಗೆ ಹೋಗಬೇಡಿ, ಅದಕ್ಕೂ ದುಡ್ಡು ಹಿಡಿಯುವ ಬ್ಯಾಂಕುಗಳಿವೆ.

ಇನ್ನೊಂದು ಜಾಣ ಬಲೆ ಇದೆ. ಯಂತ್ರ ನಿಮ್ಮ ಕಾರ್ಡು ಭಾರತದ್ದೆಂದು ಗುರುತಿಸಿ, "ರೂಪಾಯಿಯಲ್ಲೇ ಕೊಡ್ತೀರಾ?" ಅಂತ ಪ್ರೀತಿಯಿಂದ ಕೇಳುತ್ತದೆ. ನಮ್ಮ ರೂಪಾಯಿ ಕಂಡ ಖುಷಿಗೆ ಹೂಂ ಅಂದರೆ ಆಯಿತು, ಅವರು ಹಾಕಿದ್ದೇ ದರ. ಅಲ್ಲಿನ ದುಡ್ಡಿನಲ್ಲೇ, ಡಾಲರ್ ಆದರೆ ಡಾಲರ್, ದಿರ್ಹಮ್ ಆದರೆ ದಿರ್ಹಮ್ ಅನ್ನಿ. ಎಟಿಎಂನಲ್ಲಾದರೆ "ಡಿಕ್ಲೈನ್ ಕನ್ವರ್ಷನ್" ಅಂತ ಬರುತ್ತದೆ. ಅದನ್ನು ಒತ್ತಿದರೆ ದುಡ್ಡೇ ಬರುವುದಿಲ್ಲ ಅಂತ ಹೆದರಬೇಡಿ. ಅವರ ದರ ಬೇಡ ಅಂತಷ್ಟೇ ಅದರರ್ಥ, ನೋಟು ಬಂದೇ ಬರುತ್ತದೆ. ಕನ್ನಡ ತೋರಿಸುವ ಎಟಿಎಂ ಅಲ್ಲಿ ಸಿಗುವುದಿಲ್ಲ. "ವಿತ್‌ಡ್ರಾಯಲ್", "ಸೇವಿಂಗ್ಸ್", "ಕ್ಯಾನ್ಸಲ್" ಅನ್ನುವ ಮೂರು ಪದಗಳನ್ನು ಕೊಪ್ಪಳದ ಎಟಿಎಂನಲ್ಲೇ ಇಂಗ್ಲಿಷ್ ಆರಿಸಿಕೊಂಡು ಎರಡು ಸಲ ರೂಢಿ ಮಾಡಿಕೊಳ್ಳಿ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರೆ ಗೊಣಗಲಿ.

ಮನೆಯ ಉಳಿತಾಯವೆಲ್ಲ ಇರುವ ಖಾತೆಯ ಕಾರ್ಡು ಒಯ್ಯುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ಒಂದು ಉಳಿತಾಯ ಖಾತೆ ತೆರೆದು, ಮೂವತ್ತೋ ನಲವತ್ತೋ ಸಾವಿರ ಹಾಕಿ, ಅದರ ಕಾರ್ಡು ಒಯ್ಯಿರಿ. ಖಾಲಿಯಾದರೆ ಮನೆಯವರು ಇಲ್ಲಿಂದ ತುಂಬುತ್ತಾರೆ, ಕಳೆದರೂ ಹೋಗುವುದು ಅಷ್ಟೇ. ಮುಂಚೆಯೇ ಡಾಲರ್ ತುಂಬಿಸಿಕೊಡುವ ಫಾರೆಕ್ಸ್ ಕಾರ್ಡೂ ಇದೆ, ಹದಿನೈದು ದಿನದ ಪ್ರವಾಸಕ್ಕೆ ಒಳ್ಳೆಯದೇ. ಆರು ತಿಂಗಳ ಬಾಣಂತನಕ್ಕೆ ಮಾತ್ರ ನಾನು ಡೆಬಿಟ್ ಕಾರ್ಡಿನ ಪರ. ಜೊತೆಗೆ ಒಂದಿಷ್ಟು ನೋಟು ಇರಲಿ, ಕಾರ್ಡು ಮತ್ತು ನೋಟು ಒಂದೇ ಪರ್ಸಿನಲ್ಲಿ ಬೇಡ.

ಇಷ್ಟೆಲ್ಲ ಕೇಳಿ ಮಗಳು ಬೇಜಾರು ಮಾಡಿಕೊಂಡರೆ? "ನಮ್ಮ ಮೇಲೆ ನಂಬಿಕೆ ಇಲ್ಲೇನವ್ವಾ?" ಅಂದರೆ? ಆ ಕಾರ್ಡಿನಿಂದಲೇ ಮೊದಲ ವಾರ ಮನೆಗೆ ಬೇಕಾದ ತರಕಾರಿ, ಹಾಲು ನೀವೇ ಕೊಂಡು ತನ್ನಿ. ಮುನಿಸು ಇಳಿಯುತ್ತದೆ.

ಊರಿಗೆ ಮರಳಿದ ದಿನವೇ ಹೊರದೇಶದ ಬಳಕೆ ಬಂದ್ ಮಾಡಿಸಿ, ಪಿನ್ ಬದಲಿಸಿ. ಅಲ್ಲಿ ಮಾಡಿದ ಖರ್ಚು ಕೆಲವೊಮ್ಮೆ ತಡವಾಗಿ ಖಾತೆಗೆ ಬಂದು ಬೀಳುತ್ತದೆ. ಹಾಗಾಗಿ ಮುಂದಿನ ಎರಡು ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸುವುದನ್ನು ಮರೆಯಬೇಡಿ, ಅಲ್ಲಿಯ ಚೀಟಿಗಳನ್ನು ಅಷ್ಟು ದಿನ ಡಬ್ಬಿಯಲ್ಲಿ ಇಟ್ಟಿರಿ.