ಗೊತ್ತಿಲ್ಲ ಎನ್ನಲು ನಾಚಿಕೆ ಯಾಕೆ?

ರಮಝಾನ್ 29ರ ಸಂಜೆ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪ್ ಎರಡಾಗುತ್ತದೆ. ಮಂಜೇಶ್ವರದಲ್ಲಿರುವ ನಾವು ಖಾಝಿಯವರ ಘೋಷಣೆಗೆ ಕಾಯುತ್ತಿರುತ್ತೇವೆ. ದುಬೈಯಲ್ಲಿ ಇಂಜಿನಿಯರ್ ಆಗಿರುವ ತಂಗಿಯ ಮಗ ಚಂದ್ರನ ನಕ್ಷೆಯೊಂದನ್ನು ಹಾಕಿ, "ವಿಜ್ಞಾನ ಇಷ್ಟು ಮುಂದುವರಿದರೂ ನೀವಿನ್ನೂ ಕಡಲ ಬದಿಯಲ್ಲಿ ನಿಂತು ಆಕಾಶ ನೋಡ್ತಾ ಇದ್ದೀರಲ್ಲ ಮಾಮ" ಎಂದು ನಗುತ್ತಾನೆ. ಕೂಡಲೇ ಊರಿನ ಹಿರಿಯರೊಬ್ಬರು ಯಾರದೋ ಆಡಿಯೊ ಕಳಿಸುತ್ತಾರೆ: "ಈ ವಿಜ್ಞಾನಿಗಳ ಲೆಕ್ಕವೆಲ್ಲ ಸುಳ್ಳು, ನಂಬಬೇಡಿ." ಪೆರ್ನಾಲ್ ನಮಾಝ್ ಮುಗಿಯುವ ಹೊತ್ತಿಗೆ ಇಬ್ಬರ ನಡುವೆ ಸಲಾಂ ಕೂಡ ನಿಂತಿರುತ್ತದೆ.

ನನ್ನ ಪ್ರಕಾರ ಇಬ್ಬರೂ ತಪ್ಪು. ಇಬ್ಬರದೂ ಒಂದೇ ತಪ್ಪು. ತಮ್ಮದಲ್ಲದ ಹಿತ್ತಿಲಿಗೆ ಬೇಲಿ ಹಾರಿ ಹೋಗಿ ಅಲ್ಲಿ ಯಜಮಾನಿಕೆ ಮಾಡುವುದು.

ಖಗೋಳ ಶಾಸ್ತ್ರ ಏನು ಹೇಳಬಲ್ಲದು ನೋಡಿ. ಅಮಾವಾಸ್ಯೆಯ ಕ್ಷಣವನ್ನು ಅದು ವರ್ಷಗಳ ಮೊದಲೇ ಕರಾರುವಾಕ್ಕಾಗಿ ಲೆಕ್ಕ ಹಾಕುತ್ತದೆ. ಒಂದು ಚಾಂದ್ರಮಾನ ತಿಂಗಳ ಸರಾಸರಿ 29.53 ದಿನ. ಚಂದ್ರ ಸೂರ್ಯನಿಂದ ಸುಮಾರು 7 ಡಿಗ್ರಿ ಸರಿಯುವವರೆಗೆ ಬಾಲಚಂದ್ರ ಬರಿಗಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಫ್ರಾನ್ಸಿನ ಖಗೋಳಜ್ಞ ಆಂದ್ರೆ ದಾಂಜೊನ್ 1930ರ ದಶಕದಲ್ಲಿ ಗುರುತಿಸಿದರು. ಇದನ್ನೆಲ್ಲ ಸುಳ್ಳು ಎನ್ನುವವರು ಐದು ಹೊತ್ತಿನ ನಮಾಝ್‌ನ ಸಮಯ ತಿಳಿಯಲು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಅದೂ ಅದೇ ಲೆಕ್ಕ ಎಂಬುದು ಅವರಿಗೆ ನೆನಪಾಗುವುದಿಲ್ಲ.

ಆದರೆ ತಿಂಗಳು ಆರಂಭವಾಗಲು ಚಂದ್ರ ಕಣ್ಣಿಗೆ ಕಾಣಲೇಬೇಕೇ? ಯಾರ ಸಾಕ್ಷ್ಯ ಸ್ವೀಕಾರಾರ್ಹ? ಒಂದೂರಿನಲ್ಲಿ ಕಂಡರೆ ದೂರದ ಇನ್ನೊಂದೂರಿಗೆ ಅನ್ವಯಿಸುತ್ತದೆಯೇ? ಇವು ಫಿಕ್ಹ್‌ನ ಪ್ರಶ್ನೆಗಳು. ಯಾವ ದುರ್ಬೀನಿನಲ್ಲೂ ಇವಕ್ಕೆ ಉತ್ತರವಿಲ್ಲ. ಈ ಎರಡು ವಿದ್ಯೆಗಳು ಎಲ್ಲಿ ಕೈಜೋಡಿಸಬೇಕು ಎಂಬುದನ್ನು ಕೂಡ ನಮ್ಮ ವಿದ್ವಾಂಸರು ಹಿಂದೆಯೇ ಯೋಚಿಸಿದ್ದಾರೆ. ಲೆಕ್ಕದ ಪ್ರಕಾರ ಚಂದ್ರ ಕಾಣಲು ಸಾಧ್ಯವೇ ಇಲ್ಲದ ದಿನ ಯಾರಾದರೂ ಕಂಡೆ ಎಂದರೆ ಆ ಸಾಕ್ಷ್ಯವನ್ನು ತಳ್ಳಿಹಾಕಬೇಕು ಎಂದವರು 14ನೇ ಶತಮಾನದ ಶಾಫಿಈ ವಿದ್ವಾಂಸ ತಖಿಯುದ್ದೀನ್ ಸುಬ್ಕಿ. ಎಲ್ಲರೂ ಅವರನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಲೆಕ್ಕವನ್ನು ಅವರು ಗೇಲಿ ಮಾಡಲಿಲ್ಲ. ತೀರ್ಪಿನ ಪೀಠವನ್ನು ಲೆಕ್ಕಕ್ಕೆ ಒಪ್ಪಿಸಿಯೂ ಬಿಡಲಿಲ್ಲ.

ಅವರಿಗಿಂತಲೂ ಮೊದಲು, 1111ರಲ್ಲಿ ತೀರಿಕೊಂಡ ಇಮಾಂ ಗಝ್ಝಾಲಿಯವರು ನಮ್ಮ ವಾಟ್ಸ್‌ಆ್ಯಪ್ ಗ್ರೂಪನ್ನು ಕಂಡವರಂತೆ ಬರೆದಿಟ್ಟಿದ್ದಾರೆ. ಗಣಿತದಿಂದ ಎರಡು ಬಗೆಯ ಅಪಾಯ ಎಂದರು ಅವರು. ಒಬ್ಬ ಗಣಿತದ ನಿಖರತೆ ನೋಡಿ ಬೆರಗಾಗಿ, ಗಣಿತಜ್ಞ ಧರ್ಮದ ಬಗ್ಗೆ ಹೇಳಿದ್ದೂ ಅಷ್ಟೇ ನಿಖರ ಎಂದು ನಂಬಿಬಿಡುತ್ತಾನೆ. ಇನ್ನೊಬ್ಬ ಇಸ್ಲಾಮಿನ ಅಜ್ಞಾನಿ ಮಿತ್ರ. ಗ್ರಹಣದ ಲೆಕ್ಕವನ್ನೂ ಅಲ್ಲಗಳೆದು, ಅದನ್ನೇ ಧರ್ಮರಕ್ಷಣೆ ಎಂದುಕೊಳ್ಳುತ್ತಾನೆ. ಒಂದು ವಿದ್ಯೆಯಲ್ಲಿ ನಿಪುಣನಾದವನು ಎಲ್ಲದರಲ್ಲೂ ನಿಪುಣನಾಗಿರಬೇಕಿಲ್ಲ, ಫಿಕ್ಹ್ ಬಲ್ಲವರಿಗೆ ವೈದ್ಯ ತಿಳಿದಿರಬೇಕಿಲ್ಲ ಎಂದೂ ಅವರು ಹೇಳಿದ್ದಾರೆ. ಒಂಬೈನೂರು ವರ್ಷ ಕಳೆದರೂ ನಾವು ಆ ಪಾಠ ಕಲಿತಿಲ್ಲ.

ಪೆರ್ನಾಲ್ ಒಂದು ದಿನ ಹಿಂದುಮುಂದಾದರೆ ಯಾರೂ ಸಾಯುವುದಿಲ್ಲ. ಆದರೆ ಬೇಲಿ ಹಾರುವ ಚಟ ಅಲ್ಲಿಗೇ ನಿಲ್ಲುವುದಿಲ್ಲ. ನನ್ನ ಉಮ್ಮನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ, ದಿನಕ್ಕೆರಡು ಸಲ ಇನ್ಸುಲಿನ್. ಈಮಾನ್ ಇದ್ದವರಿಗೆ ನೋಂಬಿನಿಂದ ತೊಂದರೆ ಆಗುವುದೇ ಇಲ್ಲ ಎಂಬ ಭಾಷಣವೊಂದನ್ನು ಮೊಬೈಲಿನಲ್ಲಿ ಕೇಳಿ, ನಮಗೆ ಯಾರಿಗೂ ಹೇಳದೆ ನೋಂಬು ಹಿಡಿದರು. ಮನೆಗೆ ಬಂದಿದ್ದ ಬಂಧುವೊಬ್ಬ ಡಾಕ್ಟರು, "ಈ ಕಾಲದಲ್ಲೂ ಉಪವಾಸ ಎಲ್ಲ ಯಾಕೆ ಮಾಮಿ?" ಎಂದಿದ್ದೂ ಅವರಿಗೆ ಛಲ ತಂದಿತ್ತು. ಒಂಬತ್ತನೇ ದಿನ ಅಸರ್ ಹೊತ್ತಿಗೆ ಮೈಯೆಲ್ಲ ಬೆವೆತು, ಮಾತು ತೊದಲಿ ಅಡುಗೆಮನೆಯಲ್ಲಿ ಬಿದ್ದರು. ಸಕ್ಕರೆ 45ಕ್ಕೆ ಇಳಿದಿತ್ತು. ಅಲ್ಲಾಹನ ದಯೆ, ಉಳಿದರು.

ಮರುದಿನ ನಮ್ಮ ಮೊಹಲ್ಲಾದ ಉಸ್ತಾದರು ನೋಡಲು ಬಂದರು. ಅವರ ಮೊದಲ ಮಾತೇ, "ಡಾಕ್ಟರು ಏನು ಹೇಳಿದರು?" ಎಂದು. ಅಪಾಯ ಇದೆಯೇ ಎಂಬುದನ್ನು ಡಾಕ್ಟರು ಹೇಳಬೇಕು, ಇದೆ ಎಂದಾದರೆ ವಿನಾಯಿತಿ ಏನು ಎಂಬುದನ್ನು ನಾನು ಹೇಳುತ್ತೇನೆ ಎಂದರು. ವಾಸಿಯಾಗದ ಕಾಯಿಲೆಗೆ ದಿನಕ್ಕೊಂದು ಮುದ್ದ್ ಅಕ್ಕಿ ಬಡವರಿಗೆ ಫಿದ್ಯಾ ಕೊಟ್ಟರಾಯಿತು, ಅದೂ ಇಬಾದತ್ತೇ ಎಂದು ಉಮ್ಮನಿಗೆ ತಿಳಿಹೇಳಿದರು. ಭಾಷಣ ಮಾಡಿದವರು ಉಮ್ಮನ ಸಕ್ಕರೆಯ ಪ್ರಮಾಣ ನೋಡಿರಲಿಲ್ಲ. ಬಂಧುವಾದ ಡಾಕ್ಟರಿಗೆ ಫಿದ್ಯಾ ಎಂದರೇನೆಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಉಸ್ತಾದರಿಂದ ಮಾತ್ರ ಉಮ್ಮನಿಗೆ ಪ್ರಯೋಜನವಾಯಿತು.

ಮದೀನಾದ ಖರ್ಜೂರದ ತೋಟದ ಹದೀಸ್ ನಮ್ಮ ಮದ್ರಸ ಮಕ್ಕಳಿಗೂ ಗೊತ್ತು. ಪರಾಗ ಕಟ್ಟುವ ಬಗ್ಗೆ ಪ್ರವಾದಿಯವರು (ಸ) ಒಂದು ಅಭಿಪ್ರಾಯ ಹೇಳಿದರು. ಆ ವರ್ಷ ಫಸಲು ಕಡಿಮೆಯಾಯಿತು. ನಿಮ್ಮ ಲೌಕಿಕ ಕೆಲಸ ನಿಮಗೇ ಚೆನ್ನಾಗಿ ಗೊತ್ತು ಎಂದು ಅವರು ತೋಟಗಾರರಿಗೆ ಬಿಟ್ಟುಕೊಟ್ಟರು. ಅವರು ತೋರಿದ ಈ ವಿನಯ ಇವತ್ತು ಮೈಕ್ ಹಿಡಿದವರಲ್ಲಿ ಎಷ್ಟು ಜನರಿಗಿದೆ?

ಕೆಲವರು ಕೇಳಬಹುದು: ಹಾಗಾದರೆ ತಜ್ಞರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೇ? ಖಂಡಿತ ಇಲ್ಲ. ಕಾಸರಗೋಡಿನವರಿಗೆ ಯಾರೂ ಹಾಗೆ ಹೇಳುವಂತಿಲ್ಲ. ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದಾಗ, ಅದರಿಂದ ಜನರಿಗೆ ಹಾನಿಯಿಲ್ಲ ಎಂದವರೂ ತಜ್ಞರೇ. ಗೇರು ಬೆಳೆಯ ಕೀಟದ ಬಗ್ಗೆ ತಿಳಿದವರು ಮಗುವಿನ ನರಮಂಡಲದ ಬಗ್ಗೆಯೂ ತೀರ್ಪು ಕೊಟ್ಟರೆ ಅದೂ ಬೇಲಿ ಹಾರಿದಂತೆಯೇ. ಎಣ್ಮಕಜೆಯ ಪಡ್ರೆಯಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಎತ್ತಿ ಹೇಳಿದರು: ಈ ಸಣ್ಣ ಊರಿನಲ್ಲಿ ಇಷ್ಟು ಕಾಯಿಲೆ ಯಾಕೆ? ಪತ್ರಕರ್ತ ಶ್ರೀ ಪಡ್ರೆ ಅದನ್ನು ಲೋಕಕ್ಕೆ ತಲುಪಿಸಿದರು. ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು, ಆ ಭಾಗದ 117 ಗಂಡುಮಕ್ಕಳನ್ನು ಸಿಂಪಡಣೆಯಿಲ್ಲದ ಊರಿನ 90 ಮಕ್ಕಳೊಂದಿಗೆ ಹೋಲಿಸಿ, ಬೆಳವಣಿಗೆ ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿತು. ವೈದ್ಯರು, ಪತ್ರಕರ್ತರು, ಸಂಶೋಧಕರು, ನ್ಯಾಯಾಲಯ ತಂತಮ್ಮ ಕೆಲಸ ಮಾಡಿದ್ದರಿಂದ ವಿಷ ನಿಂತಿತು. ಬೇಲಿಗೊಂದು ತಡಮೆ ಇರುತ್ತದೆ. ಅಲ್ಲಿ ನಿಂತು ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಒಳಗೆ ನುಗ್ಗಿ ಉತ್ತರ ತನ್ನದೇ ಎನ್ನುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಸಮುದಾಯದಲ್ಲಿ ಈಗ ಡಾಕ್ಟರು, ಇಂಜಿನಿಯರು, ವಕೀಲರು, ಆಲಿಮರು ಯಾರಿಗೂ ಕೊರತೆಯಿಲ್ಲ. ಅವರನ್ನು ವೇದಿಕೆಗೆ ಕರೆಯುವ ಜಮಾಅತ್ ಕಮಿಟಿಯವರಲ್ಲಿ ನನ್ನ ವಿನಂತಿ ಇಷ್ಟೇ. ಹೆಸರು, ಹಣ, ಅನುಯಾಯಿಗಳ ಸಂಖ್ಯೆ ನೋಡಿ ಯಾರ ಕೈಗೂ ಎಲ್ಲ ವಿಷಯದ ಮೈಕ್ ಕೊಡಬೇಡಿ. ಈ ಪ್ರಶ್ನೆ ಯಾರು ಕಲಿತ ವಿದ್ಯೆಗೆ ಸೇರಿದ್ದು ಎಂದು ಮೊದಲು ಕೇಳಿ.

ಮತ್ತೆ ದುಬೈಯ ಅಳಿಯನಿಗೊಂದು ಮಾತು. ಮುಂದಿನ 29ರ ಸಂಜೆ ನಿನ್ನ ನಕ್ಷೆ ಖಂಡಿತ ಕಳಿಸು ಮೋನೆ, ಎಷ್ಟು ಡಿಗ್ರಿ ಇದೆ ಎಂದು ನಾನೂ ನೋಡುತ್ತೇನೆ. ಪೆರ್ನಾಲ್ ಯಾವಾಗ ಎಂಬುದನ್ನು ಮಾತ್ರ ಖಾಝಿಯವರು ಹೇಳಲಿ.